ಲೈಟ್ ಆರಿಸಿದ್ರೆ ಬ್ರೇಕ್ ಸರಿಯಾಯ್ತಾ?

ಮೊದಲೇ ಒಪ್ಪಿಕೊಂಡುಬಿಡ್ತೀನಿ. ನಾನು ಎಲ್‌ಕೆಜಿಯಿಂದ ಇಲ್ಲಿವರೆಗೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಕಾಗುಣಿತ ತಪ್ಪಿದ್ದರೆ ನಮ್ಮ ಸಂಪಾದಕ ಬಳಗ ತಿದ್ದಿಕೊಳ್ಳಲಿ. ಇಂಗ್ಲಿಷ್‌ನಲ್ಲೇ ಬರೆಯಬಹುದಿತ್ತು, ಆದರೆ ಇದನ್ನು ನಮ್ಮಪ್ಪನೂ ಓದಬೇಕು. ಯಾಕೆ ಅಂತ ಕೊನೆಗೆ ಗೊತ್ತಾಗುತ್ತೆ.

ನಮ್ಮ ಮನೆ ಮೂಡಿಗೆರೆ ಕಡೆ. ಅಪ್ಪನ ಹತ್ತಿರ ಒಂದು ಸೆಕೆಂಡ್ ಹ್ಯಾಂಡ್ ಕಾರಿದೆ, ಯುರೋಪಿನ ಕಂಪನಿಯದ್ದು. ಹೋದ ವರ್ಷ ಗಣೇಶ ಹಬ್ಬದ ರಜೆಗೆ ಮನೆಗೆ ಹೋದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ಲೈಟ್ ಉರಿಯುತ್ತಿತ್ತು. ಒಂದು ವೃತ್ತ, ಅದರ ಎರಡೂ ಪಕ್ಕ ತುಂಡು ತುಂಡು ಗೆರೆ. "ಇಂಜಿನಿಯರಿಂಗ್ ಓದ್ತಿದೀಯಲ್ಲ, ನೋಡು ಏನಂತ" ಅಂದರು ಅಪ್ಪ. ಇಂಥ ಚಾನ್ಸ್ ಬಿಡೋಕಾಗುತ್ತಾ? ಆನ್‌ಲೈನ್‌ನಲ್ಲಿ ತಗೊಂಡಿದ್ದ ಬ್ಲೂಟೂತ್ ಓಬಿಡಿ ಅಡಾಪ್ಟರನ್ನು ಸ್ಟೀರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಚುಚ್ಚಿದೆ. ಫೋನಿನಲ್ಲಿ "ಯಾವ ಫಾಲ್ಟ್ ಕೋಡೂ ಇಲ್ಲ" ಅಂತ ಬಂತು. ಆಮೇಲೆ ಲೈಟಿನ ಚಿತ್ರ ಹುಡುಕಿ ಅದು ಬ್ರೇಕ್ ಪ್ಯಾಡ್ ಸವೆತದ ಸೂಚನೆ ಅಂತ ತಿಳಿದುಕೊಂಡೆ. ಮುಂದಿನ ಎಡ ಚಕ್ರದ ಹತ್ತಿರ ಸೆನ್ಸರ್ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಇಟ್ಟರೆ ಓಪನ್ ಸರ್ಕ್ಯೂಟ್. ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದೆ, ಪ್ಯಾಡು ಇನ್ನೂ ದಪ್ಪಗೇ ಇತ್ತು.

"ಪ್ಯಾಡ್ ಸರಿಯಾಗಿದೆ ಅಪ್ಪ, ಸೆನ್ಸರ್ ಹೋಗಿದೆ. ತಂತಿ ಕಡಿದಿದೆ" ಅಂತ ತೀರ್ಪು ಕೊಟ್ಟೆ.

"ಯಾಕೆ ಕಡೀತು?" ಅಂತ ಅಪ್ಪ ಕೇಳಿದರು.

"ಹಳೇ ಗಾಡಿ ಅಲ್ವಾ" ಅಂದೆ.

ಮಾರನೇ ದಿನ ಒಂದು ಗ್ಯಾರೇಜಿಗೆ ಹೋದೆವು. ನಾನೇ ಮುಂದೆ ಹೋಗಿ ಸೆನ್ಸರ್ ಕಂಪ್ಲೇಂಟ್ ಅಂದೆ. ಮೆಕ್ಯಾನಿಕ್‌ಗೂ ಹಾಗೇ ಅನ್ನಿಸಿತು. ಹತ್ತು ನಿಮಿಷದಲ್ಲಿ ಲೈಟ್ ಆರಿತು. ಬ್ರೇಕ್ ಆಯಿಲ್ ಕಡಿಮೆಯಿದೆ ಅಂತ ಅದನ್ನೂ ಟಾಪ್ ಅಪ್ ಮಾಡಿದರು. 200 ರೂಪಾಯಿ. ವಾಪಸ್ ಬರುವಾಗ ಅಪ್ಪ ಹೆಮ್ಮೆಯಿಂದ ಇಬ್ಬರಿಗೆ ಫೋನ್ ಮಾಡಿ ಮಗನ ಬಗ್ಗೆ ಹೇಳಿದರು. ಅದು ನೆನಪಾದರೆ ಈಗಲೂ ಮುಜುಗರ ಆಗುತ್ತೆ.

ಜನವರಿಯಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಹೋದಾಗ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೊರಟೆವು. ಕೊಟ್ಟಿಗೆಹಾರದಲ್ಲಿ ನೀರ್ದೋಸೆ ತಿಂದು ಚಾರ್ಮಾಡಿ ಘಾಟಿ ಇಳಿಯೋಕೆ ಶುರು ಮಾಡಿದ್ವಿ. ಅಪ್ಪ ಯಾವಾಗಲೂ ಘಾಟಿಯಲ್ಲಿ ಸೆಕೆಂಡ್ ಗೇರಿನಲ್ಲೇ ಇಳಿಸೋದು. ಅರ್ಧ ಇಳಿದ ಮೇಲೆ ಬ್ರೇಕ್ ಒತ್ತಿದಾಗ ಗರ್ರ್ ಅನ್ನೋ ಶಬ್ದ, ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಹಾಗೆ. ಪೆಡಲ್ ನಡುಗಿತು, ಕಾರು ಒಂದು ಕಡೆಗೆ ಎಳೀತು. ಹಿಂದಿನ ಸೀಟಿನಲ್ಲಿ ಅಮ್ಮ, ಅಜ್ಜಿ, ತಂಗಿ. ಡ್ಯಾಶ್‌ಬೋರ್ಡಿನಲ್ಲಿ ಒಂದೇ ಒಂದು ಲೈಟೂ ಇಲ್ಲ. ಅಗಲವಾದ ಒಂದು ಜಾಗ ಸಿಕ್ಕಿದಲ್ಲಿ ಅಪ್ಪ ಹೇಗೋ ನಿಲ್ಲಿಸಿದರು. ಕೆಳಗಿಳಿದರೆ ಎಡ ಚಕ್ರದಿಂದ ಸುಟ್ಟ ವಾಸನೆ. ಏನೂ ಆಗಲಿಲ್ಲ, ಎಲ್ಲರೂ ಚೆನ್ನಾಗಿದ್ದೇವೆ. ಕಾರನ್ನು ಟೋ ಮಾಡಿಸಿ ಉಜಿರೆಗೆ ತಂದೆವು.

ಅಲ್ಲಿನ ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದಾಗ ಕಂಡದ್ದು ಇದು. ಹೊರಗಿನ ಪ್ಯಾಡ್ ಸುಮಾರು 4 ಮಿ.ಮೀ. ಇತ್ತು. ಒಳಗಿನ ಪ್ಯಾಡಿನಲ್ಲಿ ಏನೂ ಉಳಿದಿರಲಿಲ್ಲ, ಬರೀ ಹಿಂದಿನ ಉಕ್ಕಿನ ಪ್ಲೇಟು ಡಿಸ್ಕಿಗೆ ಉಜ್ಜುತ್ತಿತ್ತು. ಡಿಸ್ಕಿನ ಮೇಲೆ ಗ್ರಾಮಫೋನ್ ರೆಕಾರ್ಡಿನ ಹಾಗೆ ಗೆರೆ. ಸೆನ್ಸರಿನ ಎರಡು ತಂತಿಗಳನ್ನು ಒಂದಕ್ಕೊಂದು ತಿರುಚಿ ಕಪ್ಪು ಟೇಪ್ ಸುತ್ತಿಟ್ಟಿದ್ದರು. ಲೈಟ್ ಆರಿದ್ದು ಹಾಗೆ.

ಇಷ್ಟು ಓದಿದ ಮೇಲೆ ಬೈಯಬೇಕಾಗಿರೋದು ಆ ಮೆಕ್ಯಾನಿಕ್‌ಗೆ ಅಂತ ನಿಮಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲ್ಲ. ನನ್ನ ಅಳತೆ ಸರಿ ಇತ್ತು, ಸರ್ಕ್ಯೂಟ್ ನಿಜವಾಗಿಯೂ ಓಪನ್ ಆಗಿತ್ತು. ತಪ್ಪಿದ್ದು ಅರ್ಥ.

ಆ ಸೆನ್ಸರ್ ಅಂದರೆ ಪ್ಯಾಡಿನೊಳಗೆ ಹುದುಗಿಸಿಟ್ಟ ಒಂದು ತಂತಿಯ ಕುಣಿಕೆ, ಅಷ್ಟೇ. ಹೊಸ ಪ್ಯಾಡಿನ ಉಜ್ಜುವ ಪದರ ಸಾಮಾನ್ಯವಾಗಿ 10ರಿಂದ 12 ಮಿ.ಮೀ. ದಪ್ಪ ಇರುತ್ತೆ. ಅದು ಸವೆದು ಸುಮಾರು 3 ಮಿ.ಮೀ.ಗೆ ಬಂದಾಗ ತಿರುಗುವ ಡಿಸ್ಕು ಆ ತಂತಿಯನ್ನು ತೇಯ್ದು ಕಡಿದುಹಾಕುತ್ತೆ. ಕರೆಂಟ್ ನಿಲ್ಲುತ್ತೆ, ಲೈಟ್ ಹತ್ತುತ್ತೆ. ಅಂದರೆ ತಂತಿ ಕಡಿದಿರೋದು ಹಾಳಾಗಿ ಅಲ್ಲ. ಕಡಿಯಲಿ ಅಂತಲೇ ಅದನ್ನು ಅಲ್ಲಿ ಇಟ್ಟಿರೋದು. "ಯಾಕೆ ಕಡೀತು?" ಅಂತ ಅಪ್ಪ ಕೇಳಿದ ಪ್ರಶ್ನೆಗೆ ಉತ್ತರ ಇದು. ಡಿಗ್ರಿ ಇಲ್ಲದ ಅಪ್ಪ ಸರಿಯಾದ ಪ್ರಶ್ನೆ ಕೇಳಿದರು. ಮಲ್ಟಿಮೀಟರ್ ಹಿಡಿದ ನಾನು ಅದನ್ನು ದಾಟಿಹೋದೆ.

ಕೆಲವು ಕಾರುಗಳಲ್ಲಿ ಇದರ ಉಲ್ಟಾ ವ್ಯವಸ್ಥೆ ಇರುತ್ತೆ. ಪ್ಯಾಡ್ ಸವೆದಾಗ ಸೆನ್ಸರಿನ ತುದಿ ಡಿಸ್ಕಿಗೆ ತಾಗಿ ಸರ್ಕ್ಯೂಟ್ ಪೂರ್ತಿಯಾಗಿ ಲೈಟ್ ಬರುತ್ತೆ. ನಮ್ಮಲ್ಲಿ ಓಡಾಡುವ ಎಷ್ಟೋ ಕಾರುಗಳಲ್ಲಿ ಸೆನ್ಸರೇ ಇರಲ್ಲ. ಪ್ಯಾಡಿಗೆ ಅಂಟಿಸಿದ ಒಂದು ಚಿಕ್ಕ ಲೋಹದ ಪಟ್ಟಿ ಡಿಸ್ಕಿಗೆ ತಾಗಿ ಕೀಂ ಅಂತ ಕಿರುಚುತ್ತೆ, ಅದೇ ಅಲಾರಂ. ಆ ಶಬ್ದಕ್ಕೆ ನಾವು ಕಾರಿನ ಮ್ಯೂಸಿಕ್ ಜಾಸ್ತಿ ಮಾಡ್ತೀವಿ.

ಇನ್ನೊಂದು ಸೂಚನೆಯೂ ಆವತ್ತು ಸಿಕ್ಕಿತ್ತು. ಬ್ರೇಕ್ ಆಯಿಲ್ ಕಡಿಮೆಯಾಗಿತ್ತಲ್ಲ? (ಅದು ಆಯಿಲ್ ಅಲ್ಲ, ಗ್ಲೈಕಾಲ್ ಮೂಲದ ಫ್ಲೂಯಿಡ್, ಆದರೆ ಎಲ್ಲರೂ ಕರೆಯೋದು ಹಾಗೇ.) ಪ್ಯಾಡ್ ತೆಳ್ಳಗಾದಂತೆ ಕ್ಯಾಲಿಪರಿನ ಪಿಸ್ಟನ್ ಅಷ್ಟಷ್ಟೇ ಹೊರಗೆ ಬಂದು ನಿಲ್ಲುತ್ತೆ. ಅದರ ಹಿಂದಿನ ಖಾಲಿ ಜಾಗ ತುಂಬೋಕೆ ಫ್ಲೂಯಿಡ್ ಹೋಗುತ್ತೆ, ಮೇಲಿನ ಡಬ್ಬಿಯಲ್ಲಿ ಮಟ್ಟ ಇಳಿಯುತ್ತೆ. ಸೋರಿಕೆ ಇಲ್ಲದೆ ಮಟ್ಟ ಇಳಿದಿದ್ದರೆ ಮೊದಲ ಅನುಮಾನ ಪ್ಯಾಡಿನ ಮೇಲೆ ಬರಬೇಕು. ನಾವು ಅದನ್ನೂ ಟಾಪ್ ಅಪ್ ಮಾಡಿ ಬಾಯಿ ಮುಚ್ಚಿಸಿದೆವು. ಕಾರು ಒಂದೇ ಮಾತನ್ನು ಎರಡು ಸಲ ಹೇಳಿತ್ತು.

ಓಬಿಡಿ ಅಡಾಪ್ಟರ್ ಯಾಕೆ ಏನೂ ಹೇಳಲಿಲ್ಲ? ಅಗ್ಗದ ಅಡಾಪ್ಟರುಗಳು ಓದೋದು ಇಂಜಿನ್ನಿನ ಕಂಪ್ಯೂಟರನ್ನು ಮಾತ್ರ. ಎಬಿಎಸ್, ಮೀಟರ್ ಪ್ಯಾನೆಲ್, ಪಾರ್ಕಿಂಗ್ ಬ್ರೇಕ್ ಇವೆಲ್ಲ ಬೇರೆ ಬೇರೆ ಕಂಪ್ಯೂಟರುಗಳು, ಅವುಗಳ ಹತ್ತಿರ ಮಾತಾಡೋಕೆ ಬೇರೆ ಸ್ಕ್ಯಾನರ್ ಬೇಕು. "ಕೋಡ್ ಇಲ್ಲ" ಅಂದರೆ "ನಾನು ಕೇಳಿದ ಕಡೆ ಕೋಡ್ ಇಲ್ಲ" ಅಂತ ಅರ್ಥ. "ತೊಂದರೆ ಇಲ್ಲ" ಅಂತ ಅಲ್ಲ. ಟಾರ್ಚಿನ ಕಥೆಯೂ ಅಷ್ಟೇ. ಸಂದಿಯಿಂದ ಕಾಣೋದು ಹೊರಗಿನ ಪ್ಯಾಡು. ನಮ್ಮ ಕಾರಿನಲ್ಲಿ ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಹಾಗಾಗಿ ಪಿಸ್ಟನ್ ಪಕ್ಕದ ಒಳಗಿನ ಪ್ಯಾಡೇ ಎಲ್ಲ ಕೆಲಸ ಮಾಡಿ ಬೇಗ ಸವೆಯಿತು.

ಇದೆಲ್ಲ ಯಾಕೆ ಮುಖ್ಯ ಅಂತ ಒಂದು ಚಿಕ್ಕ ಲೆಕ್ಕ. 1,200 ಕೆ.ಜಿ. ಕಾರು ಗಂಟೆಗೆ 60 ಕಿ.ಮೀ. ವೇಗದಲ್ಲಿದ್ದರೆ ಅದರ ಚಲನ ಶಕ್ತಿ ಸುಮಾರು 167 ಕಿಲೋಜೌಲ್. ಬ್ರೇಕ್ ಹಾಕಿದಾಗ ಅದು ಹೆಚ್ಚುಕಡಿಮೆ ಪೂರ್ತಿ ಪ್ಯಾಡ್ ಮತ್ತು ಡಿಸ್ಕಿನಲ್ಲಿ ಬಿಸಿಯಾಗಬೇಕು. ಅದೇ ಕಾರು ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿದರೆ ಸುಮಾರು 5,880 ಕಿಲೋಜೌಲ್. ಅಂದರೆ 60ರ ವೇಗದಿಂದ 35 ಸಲ ಪೂರ್ತಿ ನಿಲ್ಲಿಸಿದಷ್ಟು. ಅದರಲ್ಲಿ ದೊಡ್ಡ ಪಾಲನ್ನು ಸೆಕೆಂಡ್ ಗೇರಿನಲ್ಲಿ ಇಂಜಿನ್ ತಡೆದುಕೊಂಡಿತು, ಅದಕ್ಕೇ ನಾವು ಬಚಾವಾದ್ವಿ. ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸ್ತೀನಿ ಅನ್ನೋ ಗೆಳೆಯರು ಈ ಲೆಕ್ಕವನ್ನು ಇನ್ನೊಂದು ಸಲ ನೋಡಿ.

ಈಗ ನನ್ನ ಅಭಿಪ್ರಾಯಕ್ಕೆ ಬರ್ತೀನಿ. ನಾವು 'ರೀಸೆಟ್' ಅನ್ನೋ ಪದವನ್ನು ತಪ್ಪಾಗಿ ಬಳಸ್ತಿದೀವಿ. ರೀಸೆಟ್ ಅಂದರೆ ಕೆಲಸ ಮುಗಿದ ಮೇಲೆ ಕಾರಿಗೆ "ಸರಿ ಮಾಡಿದ್ದೀನಿ, ಹೊಸದಾಗಿ ಎಣಿಸು" ಅಂತ ಹೇಳೋದು. ಅದು ಕೊನೆಯ ಹೆಜ್ಜೆ. ಅದನ್ನೇ ಮೊದಲನೇ ಹೆಜ್ಜೆ ಮಾಡಿದರೆ ಅದು ರಿಪೇರಿ ಅಲ್ಲ, ಸುಳ್ಳು.

ಉಜಿರೆಯ ಮೆಕ್ಯಾನಿಕ್ ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಕೆಲಸ ತೋರಿಸಿದರು. ಪಾರ್ಟ್ಸ್ ಮಂಗಳೂರಿನಿಂದ ಮಾರನೇ ದಿನದ ಬಸ್ಸಿಗೆ ಬಂತು. ಅವರು ಮಾಡಿದ ಕ್ರಮ ಹೀಗಿತ್ತು. ಮೊದಲು ಡಬ್ಬಿಯಿಂದ ಸ್ವಲ್ಪ ಫ್ಲೂಯಿಡನ್ನು ಸಿರಿಂಜಿನಲ್ಲಿ ತೆಗೆದರು. ಪಿಸ್ಟನ್ ಒಳಗೆ ತಳ್ಳುವಾಗ ಅದು ಮೇಲೆ ಬಂದು ಉಕ್ಕಿದರೆ ಪೇಂಟ್ ಹಾಳಾಗುತ್ತೆ. ಕ್ಯಾಲಿಪರ್ ಬಿಚ್ಚಿ ಅದನ್ನು ಹೋಸಿನಲ್ಲಿ ನೇತಾಡೋಕೆ ಬಿಡದೆ ತಂತಿಯಿಂದ ಕಟ್ಟಿದರು. ಸ್ಲೈಡ್ ಪಿನ್ ತೆಗೆದು ಉಜ್ಜಿ, ಅದಕ್ಕೆ ಹೊಂದುವ ಗ್ರೀಸ್ ಹಚ್ಚಿದರು. ಪ್ಯಾಡ್, ಡಿಸ್ಕ್ ಎರಡನ್ನೂ ಎಡ ಬಲ ಎರಡೂ ಕಡೆ ಬದಲಿಸಿದರು, ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಕಾರು ಎಳೆಯುತ್ತೆ. ಸೆನ್ಸರ್ ಹೊಸದು. ಒಮ್ಮೆ ಕಡಿದ ಕುಣಿಕೆ ಮತ್ತೆ ಕೂಡಲ್ಲ, ಹೊಸ ಪ್ಯಾಡ್ ಹಾಕಿ ಹಳೇ ಸೆನ್ಸರ್ ಬಿಟ್ಟರೆ ಲೈಟ್ ಹಾಗೇ ಇರುತ್ತೆ. "ಪ್ಯಾಡ್ ಹಾಕಿಸಿದರೂ ಲೈಟ್ ಹೋಗ್ತಿಲ್ಲ" ಅನ್ನೋ ದೂರಿಗೆ ಮೊದಲು ನೋಡಬೇಕಾದ್ದೇ ಇದು. ಎಲ್ಲ ಜೋಡಿಸಿದ ಮೇಲೆ, ಇಂಜಿನ್ ಚಾಲೂ ಮಾಡಿ ಕಾರು ಕದಲಿಸುವ ಮೊದಲೇ ಪೆಡಲನ್ನು ಹಲವು ಸಲ ಒತ್ತಿ ಗಟ್ಟಿಯಾಗೋವರೆಗೂ ಕಾದರು. ಪಿಸ್ಟನ್ ಹಿಂದೆ ಹೋಗಿರೋದರಿಂದ ಮೊದಲ ಒತ್ತಿಗೆ ಬ್ರೇಕ್ ಸಿಗೋದೇ ಇಲ್ಲ. ಇದನ್ನು ಮರೆತು ಶೆಡ್ಡಿನ ಗೋಡೆಗೆ ಗುದ್ದಿದವರಿದ್ದಾರೆ ಅಂದರು.

ಕೊನೆಯಲ್ಲಿ ಸೆನ್ಸರ್ ಲೈಟ್ ತಾನಾಗೇ ಆರಿತು. ಆದರೆ ಎಬಿಎಸ್ ಲೈಟ್ ಹತ್ತಿತು! ನಾನು ಗಾಬರಿಯಾದೆ. ಅವರು "ಈಗ ತಾನೆ ನಾವು ಎಲ್ಲಿ ಕೈ ಹಾಕಿದ್ವೋ ಅಲ್ಲೇ ನೋಡಬೇಕು" ಅಂದು ಚಕ್ರದ ಸ್ಪೀಡ್ ಸೆನ್ಸರಿನ ಕನೆಕ್ಟರ್ ಹಿಡಿದರು. ಅದು ಪೂರ್ತಿ ಕೂತಿರಲಿಲ್ಲ. ಒತ್ತಿದಾಗ ಕ್ಲಿಕ್ ಅಂತು. ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿದ ಮೇಲೆ ಲೈಟ್ ಆರಿತು. ಬಿಲ್ಲು 13,000 ರೂಪಾಯಿ. ಗಣೇಶ ಹಬ್ಬಕ್ಕೇ ಪ್ಯಾಡ್ ಮತ್ತು ಸೆನ್ಸರ್ ಹಾಕಿಸಿದ್ದರೆ ಡಿಸ್ಕಿನ ಖರ್ಚೇ ಬರುತ್ತಿರಲಿಲ್ಲ.

ನ್ಯಾಯಕ್ಕೆ ಇನ್ನೊಂದು ಕಡೆಯನ್ನೂ ಹೇಳಬೇಕು. ಚಿಕ್ಕ ಊರಿನ ಮೆಕ್ಯಾನಿಕ್ ತಂತಿ ತಿರುಚೋಕೆ ಕಾರಣ ಇದೆ. ಹಲವು ಹೊಸ ಕಾರುಗಳಲ್ಲಿ ಹಿಂದಿನ ಚಕ್ರಕ್ಕೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಬಂದಿದೆ. ಕ್ಯಾಲಿಪರಿನಲ್ಲಿ ಒಂದು ಮೋಟರ್ ಇರುತ್ತೆ. ಪ್ಯಾಡ್ ಬದಲಿಸಬೇಕಾದರೆ ಮೊದಲು ಆ ಮೋಟರನ್ನು ಸರ್ವಿಸ್ ಮೋಡಿಗೆ ಹಾಕಿ ಹಿಂದೆ ಸರಿಸಬೇಕು. ಸುಮ್ಮನೆ ಕ್ಲ್ಯಾಂಪ್ ಹಾಕಿ ಒತ್ತಿದರೆ ಮುರಿಯುತ್ತೆ. ಕೆಲವು ಕಾರುಗಳಲ್ಲಿ ಇದನ್ನು ಸ್ವಿಚ್ಚು, ಪೆಡಲಿನಿಂದಲೇ ಮಾಡಬಹುದು. ಇನ್ನು ಕೆಲವಕ್ಕೆ ಕಂಪನಿಯ ಸ್ಕ್ಯಾನರೇ ಬೇಕು. ಅದು ಅವರ ಹತ್ತಿರ ಇರಲ್ಲ. ಇದ್ದರೂ ಸೂಚನೆಗಳೆಲ್ಲ ಇಂಗ್ಲಿಷ್‌ನಲ್ಲಿ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರಿನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು, ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೆಯ ಶುರು. ಆದರೆ ನನ್ನ ಪ್ರಕಾರ ಪ್ಯಾಡ್ ಬದಲಿಸಿ ರೀಸೆಟ್ ಮಾಡುವ ಕ್ರಮ ಪ್ರತಿ ಕಾರಿನ ಮಾಲೀಕರ ಕೈಪಿಡಿಯಲ್ಲೇ ಇರಬೇಕು, ಕನ್ನಡದಲ್ಲೂ ಇರಬೇಕು. ಟೈರ್ ಬದಲಿಸೋದನ್ನು ಚಿತ್ರ ಸಮೇತ ಹೇಳಿಕೊಡುವ ಪುಸ್ತಕಕ್ಕೆ ಇದು ಭಾರ ಅಲ್ಲ.

"ಹಾಗೆ ಹೇಳಿಕೊಟ್ಟರೆ ಎಲ್ಲರೂ ಮನೆಯಲ್ಲೇ ಬ್ರೇಕ್ ಬಿಚ್ಚಿ ಅಪಾಯ ಮಾಡಿಕೊಳ್ತಾರೆ" ಅಂತ ನನ್ನ ರೂಮ್‌ಮೇಟ್ ವಾದ. ಅವನ ಮಾತಿನಲ್ಲಿ ಸತ್ಯ ಇದೆ. ಬರೀ ಜಾಕಿನ ಮೇಲೆ ನಿಂತ ಕಾರಿನ ಹತ್ತಿರ ಯಾರೂ ಹೋಗಬಾರದು. ಸ್ಟ್ಯಾಂಡ್ ಇಲ್ಲದೆ, ಗೊತ್ತಿರೋರು ಪಕ್ಕದಲ್ಲಿ ಇಲ್ಲದೆ ಮೊದಲ ಸಲ ಬ್ರೇಕಿಗೆ ಕೈ ಹಾಕಬೇಡಿ ಅಂತ ನಾನೂ ಹೇಳ್ತೀನಿ. ಆದರೆ ಮಾಹಿತಿ ಮುಚ್ಚಿಟ್ಟರೆ ಜನ ಸುಮ್ಮನೆ ಕೂರಲ್ಲ, ತಂತಿ ತಿರುಚ್ತಾರೆ. ನಮ್ಮ ಮನೆಯಲ್ಲಿ ಆಗಿದ್ದು ಅದೇ.

ಮತ್ತೆ ಇದು ಬರೀ ಕಾರಿನ ವಿಷಯವೂ ಅಲ್ಲ. ನಮ್ಮ ಹಾಸ್ಟೆಲಿನಲ್ಲಿ ಎಂಸಿಬಿ ಟ್ರಿಪ್ ಆದಾಗ ಯಾವ ರೂಮಿನ ಕೆಟಲ್‌ನಿಂದ ಆಯ್ತು ಅಂತ ಯಾರೂ ನೋಡಲ್ಲ, ಎತ್ತಿಬಿಟ್ಟು ವಾಪಸ್ ಬರ್ತೀವಿ. ಲ್ಯಾಬಿನಲ್ಲಿ ಕೋಡ್ ಕಂಪೈಲ್ ಮಾಡುವಾಗ ಬರುವ ವಾರ್ನಿಂಗುಗಳನ್ನು ಆಫ್ ಮಾಡಿ ಔಟ್‌ಪುಟ್ ತೋರಿಸಿ ಮಾರ್ಕ್ಸ್ ತಗೋತೀವಿ. ನಾಲ್ಕು ವರ್ಷ ಇದೇ ಅಭ್ಯಾಸ ಮಾಡಿಕೊಂಡು ಹೊರಗೆ ಹೋದರೆ, ನಾಳೆ ಇನ್ನೊಬ್ಬರ ಬ್ರೇಕಿಗೆ ಸಾಫ್ಟ್‌ವೇರ್ ಬರೆಯೋದು ನಾವೇ ಅಲ್ವಾ?

ನಮ್ಮ ಕ್ಯಾಂಪಸ್ ಪಾರ್ಕಿಂಗಿನಿಂದಲೇ ಶುರು ಮಾಡಬಹುದು. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ನಿಮ್ಮ ಬೈಕಿನಲ್ಲಿ ಆ ಲೈಟ್ ಓಡುವಾಗಲೂ ಉರಿಯುತ್ತಾ ಇದ್ದರೆ ಮಾಮೂಲಿ ಬ್ರೇಕ್ ಹಿಡಿಯಬಹುದು, ಆದರೆ ಮಳೆಯಲ್ಲಿ ಚಕ್ರ ಲಾಕ್ ಆದಾಗ ಕಾಪಾಡೋಕೆ ಎಬಿಎಸ್ ಇರಲ್ಲ. ಕೆಂಪು ಬ್ರೇಕ್ ಲೈಟ್ ಬಂದರೆ ಮೊದಲು ಹ್ಯಾಂಡ್ ಬ್ರೇಕ್ ಇಳಿಸಿದ್ದೀರಾ ನೋಡಿ, ಆಮೇಲೆ ಫ್ಲೂಯಿಡ್ ಮಟ್ಟ. ಎರಡೂ ಸರಿಯಿದ್ದೂ ಹೋಗದಿದ್ದರೆ ಓಡಿಸಬೇಡಿ. ಮೆಕ್ಯಾನಿಕ್ ಹತ್ತಿರ ಹೋದಾಗ ಮೂರು ಪ್ರಶ್ನೆ ಕೇಳಿ: ಹಳೇ ಪ್ಯಾಡ್ ತೋರಿಸ್ತೀರಾ? ಒಳಗಿನದು ಎಷ್ಟು ಉಳಿದಿತ್ತು? ಸೆನ್ಸರ್ ಹೊಸದು ಹಾಕಿದ್ರಾ? ಒಳ್ಳೇ ಮೆಕ್ಯಾನಿಕ್‌ಗೆ ಈ ಪ್ರಶ್ನೆಗಳಿಂದ ಬೇಜಾರಾಗಲ್ಲ.

ಕನ್ನಡ ಸಂಘಕ್ಕೂ ಒಂದು ವಿನಂತಿ. ರಾಜ್ಯೋತ್ಸವಕ್ಕೆ ನಾವು ಚೆನ್ನಾಗಿ ಭಾಷಣ ಮಾಡ್ತೀವಿ. ಅದರ ಜೊತೆಗೆ ಒಂದೊಂದು ಬ್ರ್ಯಾಂಚಿನವರು ಒಂದೊಂದು ವಾರ್ನಿಂಗ್ ಲೈಟಿನ ಅರ್ಥ, ಅದು ಬಂದರೆ ನೋಡಬೇಕಾದ ಕ್ರಮ ಇಷ್ಟನ್ನು ಸರಳ ಕನ್ನಡದಲ್ಲಿ ಒಂದು ಪುಟ ಬರೆದರೆ, ಅದನ್ನು ಊರಿನ ಗ್ಯಾರೇಜಿನ ಗೋಡೆಗೆ ಅಂಟಿಸಬಹುದು. 'ಪ್ಯಾಡ್', 'ಸೆನ್ಸರ್' ಪದಗಳಿಗೆ ಸಂಸ್ಕೃತ ಹುಡುಕುತ್ತಾ ಕೂರಬೇಕಿಲ್ಲ. ಅಪ್ಪನಿಗೆ ನಾನು ಓಪನ್ ಸರ್ಕ್ಯೂಟ್ ಬಗ್ಗೆ ಹೇಳೋಕೆ ಹೋದಾಗ ನನ್ನ ಹತ್ತಿರ ಇದ್ದದ್ದು "ತಂತಿ ಕಡಿದಿದೆ" ಅನ್ನೋ ಎರಡು ಪದ ಮಾತ್ರ. ಆ ಎರಡೇ ಪದ ಸಾಕಾಗಿತ್ತು, ಅವರ ಮುಂದಿನ ಪ್ರಶ್ನೆಗೆ ನಾನು ನಿಂತು ಯೋಚಿಸಿದ್ದರೆ.

ಈಗ ಅಪ್ಪ ಕೀ ತಿರುಗಿಸಿದ ಮೇಲೆ ತಕ್ಷಣ ಸ್ಟಾರ್ಟ್ ಮಾಡಲ್ಲ. ಎಬಿಎಸ್, ಬ್ರೇಕ್ ಲೈಟುಗಳು ಒಂದು ಕ್ಷಣ ಹತ್ತಿ ಆರಬೇಕು, ಕಾರು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುತ್ತೆ, ಹತ್ತದೇ ಇದ್ದರೂ ಅನುಮಾನ ಪಡಬೇಕು ಅಂತ ಹೇಳಿದ್ದೆ. ಹೋದ ವಾರ ಫೋನ್ ಮಾಡಿ, "ಎಲ್ಲಾ ಹತ್ತಿ ಆರಿತು ಕಣೋ. ಆದ್ರೆ ಬಲಗಡೆ ಚಕ್ರಕ್ಕೆ ಸೆನ್ಸರೇ ಇಲ್ವಂತಲ್ಲ, ಅಲ್ಲಿ ಸವೆದ್ರೆ ಯಾರು ಹೇಳ್ತಾರೆ?" ಅಂತ ಕೇಳಿದರು. ಈ ಸಲ "ಹಳೇ ಗಾಡಿ ಅಲ್ವಾ" ಅನ್ನಲಿಲ್ಲ. ಯುಗಾದಿ ರಜೆಗೆ ಬಂದು ಎರಡೂ ಕಡೆ ಚಕ್ರ ಬಿಚ್ಚಿಸಿ ನೋಡೋಣ ಅಂದಿದ್ದೀನಿ.